ಹನ್ನೆರಡನೆಯ ಬ್ಯಾರಕ್ಕಿನ ಮೂರು ಚದರ ಮೀಟರ್

2025ರ ಸೆಪ್ಟೆಂಬರ್ 4ರಂದು ಕೇಂದ್ರ ಗೃಹ ಸಚಿವಾಲಯ ಬೆಲ್ಜಿಯಂಗೆ ಒಂದು ಪತ್ರ ಬರೆಯಿತು. ಪಂಜಾಬ್ ನ್ಯಾಷನಲ್ ಬ್ಯಾಂಕ್ ವಂಚನೆ ಪ್ರಕರಣದ ಆರೋಪಿ ಮೆಹುಲ್ ಚೋಕ್ಸಿಯನ್ನು ಭಾರತಕ್ಕೆ ಒಪ್ಪಿಸಿದರೆ ಆತನನ್ನು ಮುಂಬೈಯ ಆರ್ಥರ್ ರೋಡ್ ಜೈಲಿನ 12ನೆಯ ಬ್ಯಾರಕ್ಕಿನಲ್ಲಿ ಇರಿಸಲಾಗುವುದು, ಅಲ್ಲಿ ಪೀಠೋಪಕರಣಗಳ ಜಾಗವನ್ನು ಬಿಟ್ಟು ಕನಿಷ್ಠ 3 ಚದರ ಮೀಟರ್ ಸ್ಥಳ ಸಿಗುವುದು, ಶುಚಿಯಾದ ದಪ್ಪ ಹತ್ತಿಯ ಹಾಸು, ದಿಂಬು, ಹೊದಿಕೆ, ಕುಡಿಯುವ ನೀರು ಮತ್ತು ದಿನದ 24 ಗಂಟೆಯೂ ವೈದ್ಯಕೀಯ ನೆರವು ದೊರೆಯುವುದು ಎಂಬ ಭರವಸೆ ಅದರಲ್ಲಿತ್ತು. ಮರುತಿಂಗಳು ಆಂಟ್ವರ್ಪಿನ ಮೇಲ್ಮನವಿ ನ್ಯಾಯಾಲಯ ಹಸ್ತಾಂತರಕ್ಕೆ ಒಪ್ಪಿತು. ಡಿಸೆಂಬರ್‌ನಲ್ಲಿ ಅಲ್ಲಿನ ಅತ್ಯುನ್ನತ ನ್ಯಾಯಾಲಯವೂ ಆರೋಪಿಯ ಮೇಲ್ಮನವಿಯನ್ನು ತಳ್ಳಿಹಾಕಿತು.

ಸಾತ್ ರಸ್ತಾದಿಂದ ಚಿಂಚ್‌ಪೋಕ್ಲಿಯ ಕಡೆಗೆ ಹೋಗುವ ಬೆಸ್ಟ್ ಬಸ್ಸಿನಲ್ಲಿ ಆ ಜೈಲಿನ ಎತ್ತರದ ಗೋಡೆಯನ್ನು ದಿನಾ ನೋಡುವ ಮುಂಬೈ ಕನ್ನಡಿಗರಿಗೆ ಈ ಸುದ್ದಿ ವಿಚಿತ್ರವಾಗಿ ಕಂಡಿದ್ದರೆ ಸಹಜ. ಕಾಶ್ಮೀರದ ಬಗ್ಗೆಯೋ, ಪೌರತ್ವ ತಿದ್ದುಪಡಿ ಕಾಯ್ದೆಯ ಬಗ್ಗೆಯೋ ವಿಶ್ವಸಂಸ್ಥೆಯ ಮಾನವ ಹಕ್ಕು ಕಚೇರಿ ಮಾತನಾಡಿದಾಗಲೆಲ್ಲ "ಇದು ನಮ್ಮ ಆಂತರಿಕ ವಿಷಯ" ಎನ್ನುವ ಸರ್ಕಾರ, ನಮ್ಮ ಊರಿನ ಜೈಲಿನಲ್ಲಿ ಯಾವ ಹಾಸು ಹಾಕುತ್ತೇವೆ ಎಂಬುದನ್ನು ಇನ್ನೊಂದು ದೇಶಕ್ಕೆ ಬರೆದುಕೊಡುವುದೇಕೆ? ಅದೇ ವರ್ಷದ ಮಾರ್ಚ್‌ನಲ್ಲಿ, ದೇಶದೇಶಗಳ ಮಾನವ ಹಕ್ಕು ಆಯೋಗಗಳಿಗೆ ಮಾನ್ಯತೆ ನೀಡುವ ಜಾಗತಿಕ ಒಕ್ಕೂಟದ ಉಪಸಮಿತಿಯು ಭಾರತದ ಆಯೋಗವನ್ನು 'ಎ' ದರ್ಜೆಯಿಂದ 'ಬಿ' ದರ್ಜೆಗೆ ಇಳಿಸಬೇಕೆಂದು ಶಿಫಾರಸು ಮಾಡಿತು. ಅಕ್ಟೋಬರ್‌ನಲ್ಲಿ ಭಾರತವು ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಮಂಡಳಿಗೆ ಏಳನೆಯ ಬಾರಿ ಆಯ್ಕೆಯಾಯಿತು. ಒಂದೇ ವರ್ಷದ ಈ ಮೂರು ಸುದ್ದಿಗಳನ್ನು ಬಿಡಿಬಿಡಿಯಾಗಿ ಓದಿದರೆ ಗೊಂದಲ ಹೆಚ್ಚುತ್ತದೆ. ಒಟ್ಟಿಗೆ ಇಟ್ಟು ನೋಡಿದರೆ, ನಮ್ಮ ಸರ್ಕಾರಗಳು ಈ ಸಂಸ್ಥೆಗಳೊಂದಿಗೆ ಎಲ್ಲಿ ಹೊಂದಿಕೊಳ್ಳುತ್ತವೆ, ಎಲ್ಲಿ ಮುನಿಯುತ್ತವೆ ಎಂಬುದು ತಿಳಿಯುತ್ತದೆ.

ಪತ್ರ ಬರೆಯಬೇಕಾಗಿ ಬಂದದ್ದೇಕೆ

ಯುರೋಪಿನ ಮಾನವ ಹಕ್ಕುಗಳ ಒಡಂಬಡಿಕೆಯ 3ನೆಯ ವಿಧಿಯ ಪ್ರಕಾರ ಯಾರನ್ನೂ ಚಿತ್ರಹಿಂಸೆಗಾಗಲಿ ಅಮಾನವೀಯ ನಡವಳಿಕೆಗಾಗಲಿ ಒಳಪಡಿಸುವಂತಿಲ್ಲ. 1989ರಲ್ಲಿ ಸ್ಟ್ರಾಸ್‌ಬರ್ಗಿನಲ್ಲಿರುವ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ ಈ ವಿಧಿಯನ್ನು ಇನ್ನಷ್ಟು ವಿಸ್ತರಿಸಿತು. ತನ್ನ ನೆಲದಲ್ಲಿ ಹಿಂಸಿಸದಿದ್ದರೆ ಸಾಲದು, ಹಿಂಸೆಗೆ ಒಳಗಾಗುವ ಅಪಾಯವಿರುವ ದೇಶಕ್ಕೆ ಒಬ್ಬನನ್ನು ಕಳುಹಿಸಿಕೊಡುವುದೂ ಅದೇ ವಿಧಿಯ ಉಲ್ಲಂಘನೆ ಎಂದು ಅದು ಹೇಳಿತು. ಅಂದಿನಿಂದ ಯುರೋಪಿನ ಯಾವುದೇ ದೇಶದಿಂದ ಆರೋಪಿಯನ್ನು ಕರೆತರಬೇಕಾದರೆ ಅವನ ಮೇಲಿನ ಆರೋಪಕ್ಕೆ ಸಾಕ್ಷ್ಯ ಒದಗಿಸುವುದರ ಜೊತೆಗೆ ನಮ್ಮ ಜೈಲಿನ ಸ್ಥಿತಿಯ ಬಗ್ಗೆಯೂ ಉತ್ತರ ಕೊಡಬೇಕಾಗುತ್ತದೆ. ಹಲವರನ್ನು ಕೂಡಿಹಾಕಿದ ಕೋಣೆಯಲ್ಲಿ ಒಬ್ಬನ ಪಾಲಿಗೆ 3 ಚದರ ಮೀಟರಿಗಿಂತ ಕಡಿಮೆ ಜಾಗವಿದ್ದರೆ ಅದು ಅಮಾನವೀಯವೆಂದು ಬಲವಾಗಿ ಭಾವಿಸಬೇಕು ಎಂಬ ಅಳತೆಯನ್ನು ಅದೇ ನ್ಯಾಯಾಲಯ 2016ರಲ್ಲಿ ಖಚಿತಪಡಿಸಿತು. ಪತ್ರದಲ್ಲಿರುವ ಸಂಖ್ಯೆಯ ಹಿನ್ನೆಲೆ ಇದು.

ಮೂರು ಚದರ ಮೀಟರ್ ಎಂದರೆ ಸುಮಾರು 32 ಚದರ ಅಡಿ. ಹತ್ತು ಅಡಿ ಉದ್ದ, ಹತ್ತು ಅಡಿ ಅಗಲದ ಖೋಲಿಯಲ್ಲಿ ಮೂವರು. ಮುಂಬೈಯ ಚಾಳುಗಳಲ್ಲಿ, ಹೋಟೆಲಿನ ಅಟ್ಟಗಳಲ್ಲಿ ಇದಕ್ಕಿಂತ ಇಕ್ಕಟ್ಟಿನಲ್ಲಿ ಬದುಕಿದ ಕನ್ನಡಿಗರ ತಲೆಮಾರುಗಳೇ ಇವೆ. ಆದ್ದರಿಂದ "ಸ್ವತಂತ್ರ ಪ್ರಜೆಗೇ ಇಲ್ಲದ ಜಾಗ ಆರೋಪಿಗೇಕೆ" ಎಂಬ ಪ್ರಶ್ನೆ ಏಳುತ್ತದೆ, ಅದು ತಳ್ಳಿಹಾಕುವಂಥ ಪ್ರಶ್ನೆಯೂ ಅಲ್ಲ. ಆದರೆ ಖೋಲಿಯವನು ಬೆಳಗಾದರೆ ಬಾಗಿಲು ತೆರೆದು ಹೊರಗೆ ಹೋಗುತ್ತಾನೆ. ಜೈಲಿನವನ ಬಾಗಿಲಿನ ಕೀಲಿ ಸರ್ಕಾರದ ಕೈಯಲ್ಲಿರುತ್ತದೆ. ಕೀಲಿ ಯಾರ ಕೈಯಲ್ಲಿದೆಯೋ ಒಳಗಿನ ಗಾಳಿ, ನೀರು, ಔಷಧಿಯ ಹೊಣೆಯೂ ಅವರದ್ದೇ ಎಂಬುದು ಈ ನಿಯಮದ ಹಿಂದಿರುವ ಸರಳ ತರ್ಕ.

ಇಂಥ ಭರವಸೆ ಕೊಟ್ಟದ್ದು ಇದೇ ಮೊದಲಲ್ಲ. 1993ರ ಮುಂಬೈ ಸ್ಫೋಟ ಪ್ರಕರಣದ ಅಬು ಸಲೇಂನನ್ನು 2005ರಲ್ಲಿ ಪೋರ್ಚುಗಲ್‌ನಿಂದ ಕರೆತರುವಾಗ ಮರಣದಂಡನೆ ವಿಧಿಸುವುದಿಲ್ಲ, 25 ವರ್ಷಕ್ಕಿಂತ ಹೆಚ್ಚು ಕಾಲ ಸೆರೆಯಲ್ಲಿಡುವುದಿಲ್ಲ ಎಂದು ಭಾರತ ಮಾತು ಕೊಟ್ಟಿತ್ತು. ಆ ಮಾತಿಗೆ ಸರ್ಕಾರ ಬದ್ಧವೆಂದು 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ವಿಜಯ್ ಮಲ್ಯ ಪ್ರಕರಣದಲ್ಲಿ ಲಂಡನ್ನಿನ ನ್ಯಾಯಾಧೀಶರು ಇದೇ 12ನೆಯ ಬ್ಯಾರಕ್ಕಿನ ವಿಡಿಯೊ ತರಿಸಿಕೊಂಡು ನೋಡಿದ ಮೇಲೆಯೇ 2018ರ ಡಿಸೆಂಬರ್‌ನಲ್ಲಿ ಹಸ್ತಾಂತರಕ್ಕೆ ಆದೇಶಿಸಿದರು. ಭರವಸೆ ಸೋತ ಉದಾಹರಣೆಗಳೂ ಇವೆ. 1995ರಲ್ಲಿ ಪಶ್ಚಿಮ ಬಂಗಾಳದ ಪುರುಲಿಯಾದಲ್ಲಿ ವಿಮಾನದಿಂದ ಶಸ್ತ್ರಾಸ್ತ್ರ ಉದುರಿಸಿದ ಪ್ರಕರಣದ ಆರೋಪಿ ಕಿಮ್ ಡೇವಿಯನ್ನು ಒಪ್ಪಿಸಲು ಡೆನ್ಮಾರ್ಕಿನ ನ್ಯಾಯಾಲಯಗಳು 2011ರಲ್ಲೊಮ್ಮೆ, 2024ರಲ್ಲಿ ಇನ್ನೊಮ್ಮೆ ನಿರಾಕರಿಸಿದವು. 2025ರ ಫೆಬ್ರುವರಿಯಲ್ಲಿ ಲಂಡನ್ ಹೈಕೋರ್ಟು ಶಸ್ತ್ರಾಸ್ತ್ರ ದಲ್ಲಾಳಿ ಸಂಜಯ್ ಭಂಡಾರಿಯನ್ನು ಹಸ್ತಾಂತರ ಪ್ರಕ್ರಿಯೆಯಿಂದ ಬಿಡುಗಡೆ ಮಾಡಿತು. ತಿಹಾರ್ ಜೈಲಿನಲ್ಲಿ ಹಿಂಸೆ ಮತ್ತು ಹಣದ ಸುಲಿಗೆಯ ಅಪಾಯವಿದೆ ಎಂಬುದು ಅದರ ಕಾರಣಗಳಲ್ಲೊಂದು. 26/11ರ ಸಂಚಿನ ಆರೋಪಿ ತಹವ್ವುರ್ ರಾಣಾ ಕೂಡ ಅಮೆರಿಕದ ನ್ಯಾಯಾಲಯದಲ್ಲಿ ಚಿತ್ರಹಿಂಸೆ ವಿರೋಧಿ ಒಡಂಬಡಿಕೆಯನ್ನೇ ಮುಂದಿಟ್ಟಿದ್ದ. ಅಲ್ಲಿ ಅವನ ವಾದ ನಿಲ್ಲಲಿಲ್ಲ, 2025ರ ಏಪ್ರಿಲ್‌ನಲ್ಲಿ ಅವನನ್ನು ಭಾರತಕ್ಕೆ ತರಲಾಯಿತು.

ಅಂದರೆ ಅಂತರರಾಷ್ಟ್ರೀಯ ಮಾನದಂಡ ಹೊರಗಿನವರು ಹೇರುವ ಉಪದೇಶವಾಗಿ ಬಂದಾಗ ಸರ್ಕಾರ ಅದನ್ನು ನಿರಾಕರಿಸುತ್ತದೆ. ತನಗೆ ಬೇಕಾದ ಕೆಲಸಕ್ಕೆ ಅದು ಷರತ್ತಾಗಿ ಬಂದಾಗ ಒಪ್ಪುತ್ತದೆ.

1946ರಲ್ಲಿ ನಾವು ಆಡಿದ ಮಾತು

"ಆಂತರಿಕ ವಿಷಯ" ಎಂಬ ವಾದಕ್ಕೆ ವಿಶ್ವಸಂಸ್ಥೆಯ ಸನ್ನದಿನ 2(7)ನೆಯ ವಿಧಿಯಲ್ಲೇ ಆಧಾರವಿದೆ. ಒಂದು ರಾಷ್ಟ್ರದ ಒಳಾಡಳಿತದಲ್ಲಿ ವಿಶ್ವಸಂಸ್ಥೆ ಕೈಹಾಕಕೂಡದು ಎನ್ನುತ್ತದೆ ಆ ವಿಧಿ. ಅದನ್ನು ಮೊದಮೊದಲು ಜೋರಾಗಿ ಹಿಡಿದುಕೊಂಡ ದೇಶ ದಕ್ಷಿಣ ಆಫ್ರಿಕಾ, ಮತ್ತು ಅದಕ್ಕೆ ಎದುರಾಗಿ ನಿಂತದ್ದು ಭಾರತ. ಅಲ್ಲಿ ನೆಲೆಸಿದ್ದ ಭಾರತೀಯ ಮೂಲದವರನ್ನು ಜಮೀನು ಮತ್ತು ವಾಸದ ಹಕ್ಕುಗಳಿಂದ ದೂರವಿಡುವ ಕಾನೂನು ಬಂದಾಗ, ಸ್ವಾತಂತ್ರ್ಯಕ್ಕೆ ಇನ್ನೂ ಎಂಟು ತಿಂಗಳು ಬಾಕಿಯಿರುವಾಗಲೇ, ವಿಜಯಲಕ್ಷ್ಮಿ ಪಂಡಿತ್ ನೇತೃತ್ವದ ನಿಯೋಗ ಆ ಪ್ರಶ್ನೆಯನ್ನು ಮಹಾಸಭೆಯ ಮುಂದಿಟ್ಟಿತು. ತನ್ನ ಪ್ರಜೆಗಳನ್ನು ಹೇಗೆ ನಡೆಸಿಕೊಳ್ಳಬೇಕೆಂಬುದು ತನ್ನ ಮನೆಯ ವಿಚಾರ ಎಂದು ದಕ್ಷಿಣ ಆಫ್ರಿಕಾ ವಾದಿಸಿತು. 1946ರ ಡಿಸೆಂಬರ್ 8ರಂದು ಮಹಾಸಭೆ ಭಾರತದ ಪರವಾಗಿ ನಿರ್ಣಯ ಅಂಗೀಕರಿಸಿತು.

ಮುಂಬೈಗೂ ಈ ಚರಿತ್ರೆಯಲ್ಲಿ ಪಾಲಿದೆ. ಬಾಂಬೆ ಶಾಸನಸಭೆಯ ಸದಸ್ಯೆಯಾಗಿದ್ದ ಹಂಸಾ ಮೆಹ್ತಾ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯನ್ನು ರೂಪಿಸಿದ ಆಯೋಗದಲ್ಲಿ ಭಾರತದ ಪ್ರತಿನಿಧಿಯಾಗಿದ್ದರು. ಮೊದಲ ವಿಧಿಯ ಕರಡಿನಲ್ಲಿ "ಎಲ್ಲ ಪುರುಷರೂ" ಎಂಬ ಅರ್ಥ ಕೊಡುತ್ತಿದ್ದ ಪದವನ್ನು ತೆಗೆಸಿ "ಎಲ್ಲ ಮನುಷ್ಯರೂ" ಎಂದು ಬರುವಂತೆ ಮಾಡಿದವರು ಅವರು. ಈ ವ್ಯವಸ್ಥೆಯನ್ನು ಪಾಶ್ಚಾತ್ಯರು ಕಟ್ಟಿ ನಮ್ಮ ಮೇಲೆ ಹೇರಿದರು ಎಂಬ ಮಾತು ಆದ್ದರಿಂದ ಅರ್ಧ ಸತ್ಯವೂ ಅಲ್ಲ. ಅದರ ಮೊದಲ ಸಾಲಿನಲ್ಲೇ ನಮ್ಮವರ ಕೈಬರಹವಿದೆ.

ಆ ಕೈಬರಹ ನಮ್ಮ ನ್ಯಾಯಾಲಯಗಳಿಗೂ ದಾರಿ ತೋರಿಸಿದೆ. ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಒಡಂಬಡಿಕೆಗೆ ಭಾರತ 1979ರಲ್ಲಿ ಸೇರಿತಾದರೂ, ಅಕ್ರಮ ಬಂಧನಕ್ಕೆ ಪರಿಹಾರ ಕೇಳುವ ಹಕ್ಕನ್ನು ತಾನು ಒಪ್ಪುವುದಿಲ್ಲವೆಂದು ಷರತ್ತು ಹಾಕಿತ್ತು. 1993ರಲ್ಲಿ ನೀಲಬತಿ ಬೆಹೆರಾ ಪ್ರಕರಣದಲ್ಲಿ, ಪೊಲೀಸ್ ವಶದಲ್ಲಿ ಮಗನನ್ನು ಕಳೆದುಕೊಂಡ ತಾಯಿಗೆ ಪರಿಹಾರ ನೀಡುವಾಗ ಸುಪ್ರೀಂ ಕೋರ್ಟ್ ಅದೇ ಒಡಂಬಡಿಕೆಯನ್ನು ಉಲ್ಲೇಖಿಸಿತು. 1997ರ ವಿಶಾಖಾ ತೀರ್ಪು ಮಹಿಳಾ ತಾರತಮ್ಯ ನಿವಾರಣೆಯ ಒಡಂಬಡಿಕೆಯ ಬಲದಿಂದ ಬಂತು. ಇಂದು ಅಂಧೇರಿಯ ಅಥವಾ ಹಿಂಜೆವಾಡಿಯ ಕಚೇರಿಗಳ ಸೂಚನಾಫಲಕದಲ್ಲಿ ಲೈಂಗಿಕ ಕಿರುಕುಳ ದೂರು ಸಮಿತಿಯ ಸದಸ್ಯರ ಹೆಸರುಗಳಿದ್ದರೆ, ಅದರ ಬೇರು ಆ ತೀರ್ಪಿನಲ್ಲಿದೆ.

ಸರ್ಕಾರದ ವಾದದಲ್ಲಿ ಹುರುಳೆಷ್ಟು

ಸರ್ಕಾರದ ಪಕ್ಷವನ್ನು ನ್ಯಾಯವಾಗಿ ಕೇಳಬೇಕು. 2018ರ ಜೂನ್‌ನಲ್ಲಿ ವಿಶ್ವಸಂಸ್ಥೆಯ ಮಾನವ ಹಕ್ಕು ಕಚೇರಿ ಕಾಶ್ಮೀರದ ಬಗ್ಗೆ ವರದಿ ಪ್ರಕಟಿಸಿದಾಗ, ಅದು ದೂರದಿಂದಲೇ ಮಾಹಿತಿ ಒಟ್ಟುಗೂಡಿಸಿದ, ಗಡಿಯಾಚೆಯ ಭಯೋತ್ಪಾದನೆಯನ್ನು ಕಡೆಗಣಿಸಿದ ವರದಿ ಎಂದು ವಿದೇಶಾಂಗ ಸಚಿವಾಲಯ ಆಕ್ಷೇಪಿಸಿತು. 2020ರಲ್ಲಿ ಹೈಕಮಿಷನರ್ ಮಿಷೆಲ್ ಬಾಚೆಲೆಟ್ ಪೌರತ್ವ ತಿದ್ದುಪಡಿ ಕಾಯ್ದೆಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿಗೇ ಅರ್ಜಿ ಹಾಕಿದಾಗ, ನಮ್ಮ ಸಂಸತ್ತು ಮಾಡಿದ ಕಾನೂನನ್ನು ಪ್ರಶ್ನಿಸುವ ಅಧಿಕಾರ ವಿದೇಶಿ ಸಂಸ್ಥೆಗಿಲ್ಲ ಎಂದಿತು. ಬಲಾಢ್ಯ ರಾಷ್ಟ್ರಗಳು ತಮಗೆ ಬೇಡವಾದಾಗ ಈ ವ್ಯವಸ್ಥೆಯಿಂದ ಎದ್ದು ಹೋಗುತ್ತವೆ ಎಂಬ ದೂರಿನಲ್ಲೂ ಸತ್ಯವಿದೆ. ಅಮೆರಿಕವು ಮಾನವ ಹಕ್ಕುಗಳ ಮಂಡಳಿಯಿಂದ 2018ರಲ್ಲಿ ಹೊರನಡೆಯಿತು, 2025ರಲ್ಲಿ ಮತ್ತೆ ಅದನ್ನೇ ಮಾಡಿತು.

ಆದರೆ ದೂರದಿಂದ ಬರೆದರೆಂಬ ಆಕ್ಷೇಪಕ್ಕೆ ಪರಿಹಾರ ಹತ್ತಿರದಿಂದ ನೋಡಲು ಬಿಡುವುದು. ಕಾಶ್ಮೀರಕ್ಕೆ ಭೇಟಿ ನೀಡಲು ಆ ಕಚೇರಿ ಅನುಮತಿ ಕೇಳಿತ್ತು, ಅದು ದೊರೆಯಲಿಲ್ಲ. ಪ್ರವೇಶ ನಿರಾಕರಿಸಿದ ಮೇಲೆ ನೋಡದೆ ಬರೆದರೆಂದು ದೂರುವುದರಿಂದ ವಾದ ಸಡಿಲವಾಗುತ್ತದೆ. 2022ರ ಜೂನ್‌ನಲ್ಲಿ ಮಾನವ ಹಕ್ಕು ಕಾರ್ಯಕರ್ತೆ ತೀಸ್ತಾ ಸೆಟಲ್ವಾಡ್ ಅವರನ್ನು ಮುಂಬೈಯ ಮನೆಯಿಂದ ಗುಜರಾತ್ ಪೊಲೀಸರು ಕರೆದೊಯ್ದಾಗ ವಿಶ್ವಸಂಸ್ಥೆಯ ಕಚೇರಿ ಕಳವಳ ವ್ಯಕ್ತಪಡಿಸಿತು. ಆ ಹೇಳಿಕೆ ಸಂಪೂರ್ಣ ಅನಗತ್ಯ, ನಮ್ಮ ಸ್ವತಂತ್ರ ನ್ಯಾಯವ್ಯವಸ್ಥೆಯಲ್ಲಿ ಹಸ್ತಕ್ಷೇಪ ಎಂಬ ಉತ್ತರ ದೆಹಲಿಯಿಂದ ಬಂತು. ಸ್ವತಂತ್ರ ನ್ಯಾಯವ್ಯವಸ್ಥೆ ಇದೆ ಎಂಬುದು ಸರಿಯಾದ ಉತ್ತರವೇ. ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಅವರಿಗೆ ಮಧ್ಯಂತರ ಜಾಮೀನು ಕೊಟ್ಟಿತು. ಆದರೆ ಅಲ್ಲಿಯವರೆಗೆ ಎರಡು ತಿಂಗಳಿಗೂ ಹೆಚ್ಚು ಕಾಲ ಸೆರೆವಾಸ ಕಳೆದಿತ್ತು.

ದೇಣಿಗೆಯ ದಾರಿ

ಸರ್ಕಾರದ ಕೈಯಲ್ಲಿರುವ ಬಲವಾದ ಸಾಧನ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ, ಎಲ್ಲರ ಬಾಯಲ್ಲಿರುವಂತೆ ಎಫ್‌ಸಿಆರ್‌ಎ. ತುರ್ತು ಪರಿಸ್ಥಿತಿಯ 1976ರಲ್ಲಿ ಹುಟ್ಟಿದ ಈ ಕಾನೂನನ್ನು 2010ರಲ್ಲಿ ಮನಮೋಹನ್ ಸಿಂಗ್ ಸರ್ಕಾರ ಬಿಗಿಗೊಳಿಸಿತು, 2020ರಲ್ಲಿ ಮೋದಿ ಸರ್ಕಾರ ಇನ್ನಷ್ಟು ಬಿಗಿಗೊಳಿಸಿತು. ಹಾಗಾಗಿ ಈ ಇರಿಸುಮುರಿಸನ್ನು ಒಂದೇ ಪಕ್ಷದ ತಲೆಗೆ ಕಟ್ಟುವುದು ಸರಿಯಲ್ಲ. 2020ರ ತಿದ್ದುಪಡಿಯ ಪ್ರಕಾರ ಎಲ್ಲ ವಿದೇಶಿ ದೇಣಿಗೆಯೂ ದೆಹಲಿಯ ಸಂಸದ್ ಮಾರ್ಗದ ಸ್ಟೇಟ್ ಬ್ಯಾಂಕ್ ಶಾಖೆಯ ಖಾತೆಗೇ ಮೊದಲು ಬರಬೇಕು, ಒಂದು ಸಂಸ್ಥೆ ಪಡೆದ ಹಣವನ್ನು ಇನ್ನೊಂದಕ್ಕೆ ಹಂಚುವಂತಿಲ್ಲ, ಆಡಳಿತ ವೆಚ್ಚ ಶೇ 50ರ ಬದಲು ಶೇ 20 ಮೀರುವಂತಿಲ್ಲ. ಈ ತಿದ್ದುಪಡಿಗಳನ್ನು 2022ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ವಿದೇಶಿ ಹಣ ಪಡೆಯುವುದು ಮೂಲಭೂತ ಹಕ್ಕಲ್ಲ ಎಂಬುದು ಅದರ ನಿಲುವು.

ಬೆಂಗಳೂರಿನಲ್ಲಿ ಕಚೇರಿ ಹೊಂದಿದ್ದ ಅಮ್ನೆಸ್ಟಿ ಇಂಟರ್‌ನ್ಯಾಷನಲ್ ಇಂಡಿಯಾ 2020ರ ಸೆಪ್ಟೆಂಬರ್‌ನಲ್ಲಿ ಬ್ಯಾಂಕ್ ಖಾತೆಗಳು ಸ್ತಂಭನಗೊಂಡ ಬಳಿಕ ಕೆಲಸ ನಿಲ್ಲಿಸಿತು. ಪರವಾನಗಿ ಸಿಗದ ಕಾರಣ ಸಂಸ್ಥೆಯು ಹಣವನ್ನು ವಿದೇಶಿ ನೇರ ಹೂಡಿಕೆಯ ರೂಪದಲ್ಲಿ ತಂದು ಕಾನೂನನ್ನು ತಪ್ಪಿಸಿತು ಎಂಬುದು ಗೃಹ ಸಚಿವಾಲಯದ ಆರೋಪ. ಟೀಕೆ ಮಾಡಿದ್ದಕ್ಕೆ ಕೊಟ್ಟ ಶಿಕ್ಷೆ ಎಂಬುದು ಸಂಸ್ಥೆಯ ಮಾತು. ಎರಡೂ ಒಟ್ಟಿಗೆ ನಿಜವಾಗಿರಲು ಸಾಧ್ಯ ಎಂಬುದನ್ನು ಎರಡೂ ಕಡೆಯವರು ಒಪ್ಪುವುದಿಲ್ಲ. ಪರವಾನಗಿ ಕೊಡುವ ಅಧಿಕಾರ ಟೀಕೆಗೆ ಗುರಿಯಾಗುವವರ ಕೈಯಲ್ಲೇ ಇದ್ದಾಗ, ಕಾನೂನು ಪಾಲನೆಗೂ ಸೇಡಿಗೂ ನಡುವಿನ ಗೆರೆ ಹೊರಗಿನವರಿಗೆ ಕಾಣದಂತಾಗುತ್ತದೆ.

ಈ ಕಾನೂನು ದೊಡ್ಡ ಸಂಸ್ಥೆಗಳಿಗಷ್ಟೇ ಸಂಬಂಧಿಸಿದ್ದೆಂದು ತಿಳಿಯಬಾರದು. ಮುಂಬೈಯ ಒಂದು ಕನ್ನಡ ಸಂಘ ತನ್ನ ರಾತ್ರಿ ಶಾಲೆಯ ಕಟ್ಟಡಕ್ಕೆ ಹಣ ಕೂಡಿಸುತ್ತಿದೆ ಎಂದಿಟ್ಟುಕೊಳ್ಳೋಣ. ದುಬೈಯಲ್ಲಿ ದುಡಿಯುತ್ತಿರುವ, ಭಾರತದ ಪಾಸ್‌ಪೋರ್ಟ್ ಇರುವ ಉಡುಪಿಯವರು ತಮ್ಮ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳುಹಿಸಿದ ಹಣ ವಿದೇಶಿ ದೇಣಿಗೆಯಲ್ಲ. ಅವರ ಸ್ವಂತ ತಮ್ಮ ಅಮೆರಿಕದ ಪೌರತ್ವ ಪಡೆದಿದ್ದು, ಭಾರತೀಯ ಮೂಲದ ವಿದೇಶಿ ಪೌರರಿಗೆ ಕೊಡುವ ಒಸಿಐ ಕಾರ್ಡ್ ಕೈಯಲ್ಲಿದ್ದರೂ, ಅವರು ಕೊಡುವ ಹಣ ವಿದೇಶಿ ದೇಣಿಗೆ. ನೋಂದಣಿಯಿಲ್ಲದೆ ಅದನ್ನು ಪಡೆದರೆ ಸಂಘದ ಪದಾಧಿಕಾರಿಗಳು ಅಪರಾಧಿಗಳಾಗುತ್ತಾರೆ.

ನಮ್ಮದೇ ಆಯೋಗ, ನಮ್ಮದೇ ಪೊಲೀಸರು

ಹೊರಗಿನವರು ಬೇಡ ಎನ್ನುವುದಾದರೆ ಒಳಗಿನ ಕಾವಲು ಗಟ್ಟಿಯಾಗಿರಬೇಕು. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ಹುಟ್ಟಿದ್ದೇ ಈ ತರ್ಕದಿಂದ. 1993ರ ಅಕ್ಟೋಬರ್‌ನಲ್ಲಿ ಅದು ಸ್ಥಾಪನೆಯಾದಾಗ ಕಾಶ್ಮೀರ ಮತ್ತು ಪಂಜಾಬಿನ ಕುರಿತು ಹೊರದೇಶಗಳ ಟೀಕೆ ತೀವ್ರವಾಗಿತ್ತು, "ನಮ್ಮ ಮನೆಯನ್ನು ನಾವೇ ನೋಡಿಕೊಳ್ಳುತ್ತೇವೆ" ಎಂಬುದಕ್ಕೆ ಆಯೋಗ ಪುರಾವೆಯಾಗಬೇಕಿತ್ತು. 1999ರಿಂದ ಅದಕ್ಕೆ 'ಎ' ದರ್ಜೆಯ ಮಾನ್ಯತೆ ಇತ್ತು. 2016ರಲ್ಲೊಮ್ಮೆ ನಿರ್ಧಾರ ಮುಂದೂಡಲ್ಪಟ್ಟು ಮರುವರ್ಷ ದರ್ಜೆ ಉಳಿಯಿತು. 2023 ಮತ್ತು 2024ರಲ್ಲಿ ಮತ್ತೆ ಮುಂದೂಡಲಾಯಿತು. 2025ರ ಮಾರ್ಚ್‌ನಲ್ಲಿ ದರ್ಜೆ ಇಳಿಸುವ ಶಿಫಾರಸು ಬಂತು, ಉತ್ತರಿಸಲು ಒಂದು ವರ್ಷದ ಅವಧಿ ಸಿಕ್ಕಿತು.

ಉಪಸಮಿತಿಯ ಆಕ್ಷೇಪಗಳಲ್ಲಿ ಪೊಲೀಸರ ಪಾತ್ರ ಮುಖ್ಯವಾದುದು. ಆಯೋಗದ ತನಿಖಾ ವಿಭಾಗಕ್ಕೆ ಪೊಲೀಸ್ ಮಹಾನಿರ್ದೇಶಕ ದರ್ಜೆಯ ಅಧಿಕಾರಿಯೇ ಮುಖ್ಯಸ್ಥ, ಕಾರ್ಯದರ್ಶಿ ಕೇಂದ್ರ ಸರ್ಕಾರದ ಅಧಿಕಾರಿ. ಪೊಲೀಸರ ಮೇಲಿನ ದೂರನ್ನು ಪೊಲೀಸರೇ ತನಿಖೆ ಮಾಡಿದರೆ, ಅವರು ಎಷ್ಟೇ ಪ್ರಾಮಾಣಿಕರಾಗಿರಲಿ, ಮಗನನ್ನು ಲಾಕಪ್ಪಿನಲ್ಲಿ ಕಳೆದುಕೊಂಡ ತಾಯಿಗೆ ನಂಬಿಕೆ ಹುಟ್ಟುವುದಿಲ್ಲ. ಇದರ ಜೊತೆಗೆ ಕಾಯ್ದೆಯೊಳಗಿನ ಮಿತಿಗಳಿವೆ. ಆಯೋಗದ ಶಿಫಾರಸು ಯಾರನ್ನೂ ಕಟ್ಟಿಹಾಕುವುದಿಲ್ಲ. ಸೇನೆಯ ಮೇಲಿನ ದೂರಿನಲ್ಲಿ ಕೇಂದ್ರದಿಂದ ವರದಿ ಕೇಳಬಹುದು, ನೇರ ತನಿಖೆ ನಡೆಸುವಂತಿಲ್ಲ. ಘಟನೆ ನಡೆದು ಒಂದು ವರ್ಷವಾದರೆ ದೂರು ಸ್ವೀಕರಿಸುವಂತಿಲ್ಲ. ಸಿಎಸ್‌ಎಂಟಿ ರೈಲು ನಿಲ್ದಾಣದ ಎದುರಿನ ಕಚೇರಿಯಿಂದ ನಡೆಯುವ ಮಹಾರಾಷ್ಟ್ರದ ರಾಜ್ಯ ಆಯೋಗವೂ ಇದೇ ಕಾಯ್ದೆಯ ಕೂಸು, ಅದರ ಶಿಫಾರಸಿಗೂ ಇಷ್ಟೇ ಬಲ.

'ಬಿ' ದರ್ಜೆಯಾದರೆ ಆಯೋಗ ಮುಚ್ಚುವುದಿಲ್ಲ. ಜಾಗತಿಕ ಒಕ್ಕೂಟದಲ್ಲಿ ಅದಕ್ಕೆ ಮತ ಇರುವುದಿಲ್ಲ, ಜಿನೀವಾದ ಮಾನವ ಹಕ್ಕುಗಳ ಮಂಡಳಿಯಲ್ಲಿ ಸ್ವತಂತ್ರವಾಗಿ ಮಾತನಾಡುವ ಅವಕಾಶ ಹೋಗುತ್ತದೆ. ಇದಕ್ಕಿಂತ ದೊಡ್ಡ ಪೆಟ್ಟು ಬೇರೆಡೆ ಬೀಳಬಹುದು. "ನಮ್ಮ ಜೈಲುಗಳ ಮೇಲೆ ಸ್ವತಂತ್ರ ಆಯೋಗದ ನಿಗಾ ಇದೆ" ಎಂದು ನಾಳೆ ಲಂಡನ್ನಿನಲ್ಲೋ ಕೋಪನ್‌ಹೇಗನ್‌ನಲ್ಲೋ ನಮ್ಮ ಸರ್ಕಾರಿ ವಕೀಲರು ವಾದಿಸುವಾಗ, ಆ ಸ್ವಾತಂತ್ರ್ಯವನ್ನೇ ಸಂಶಯಿಸಿದ ಈ ದಾಖಲೆಯನ್ನು ಎದುರು ಪಕ್ಷದ ವಕೀಲರು ನ್ಯಾಯಾಧೀಶರ ಮುಂದಿಡುತ್ತಾರೆ.

1997ರ ಸಹಿ

ಚಿತ್ರಹಿಂಸೆ ವಿರೋಧಿ ಒಡಂಬಡಿಕೆಗೆ ಭಾರತ 1997ರ ಅಕ್ಟೋಬರ್ 14ರಂದು ಸಹಿ ಹಾಕಿತು. ಅದನ್ನು ಇಂದಿಗೂ ಅನುಮೋದಿಸಿಲ್ಲ. 170ಕ್ಕೂ ಹೆಚ್ಚು ರಾಷ್ಟ್ರಗಳು ಸೇರಿರುವ ಒಡಂಬಡಿಕೆಯಿದು, ಚೀನಾ, ಪಾಕಿಸ್ತಾನಗಳೂ ಅದರಲ್ಲಿವೆ. ಸೇರಿದ ಮಾತ್ರಕ್ಕೆ ಹಿಂಸೆ ನಿಲ್ಲುವುದಿಲ್ಲ ಎಂಬುದಕ್ಕೆ ಅವೇ ಸಾಕ್ಷಿಯೆಂದು ಹೇಳುವವರಿದ್ದಾರೆ, ಆ ಮಾತನ್ನು ಅಲ್ಲಗಳೆಯಲಾಗದು. ಆದರೆ ಅನುಮೋದಿಸಿದರೆ ಚಿತ್ರಹಿಂಸೆಯನ್ನು ಪ್ರತ್ಯೇಕ ಅಪರಾಧವೆಂದು ಸಾರುವ ದೇಶೀ ಕಾನೂನು ಬೇಕಾಗುತ್ತದೆ, ಮತ್ತು ಅದು ಭಾರತದ ಪೊಲೀಸ್ ಠಾಣೆಗಳಿಗೆ ಅನ್ವಯಿಸುತ್ತದೆ.

ಅಂಥ ಮಸೂದೆಯೊಂದು 2010ರ ಮೇ ತಿಂಗಳಲ್ಲಿ ಲೋಕಸಭೆಯಲ್ಲಿ ಅಂಗೀಕಾರವಾಗಿ, ರಾಜ್ಯಸಭೆಯ ಆಯ್ಕೆ ಸಮಿತಿಗೆ ಹೋಗಿ, ಕೊನೆಗೆ ಅವಧಿ ಮುಗಿದು ಬಿದ್ದುಹೋಯಿತು. 2017ರಲ್ಲಿ ಕಾನೂನು ಆಯೋಗ ತನ್ನ 273ನೆಯ ವರದಿಯಲ್ಲಿ ಒಡಂಬಡಿಕೆಯನ್ನು ಅನುಮೋದಿಸಲು ಶಿಫಾರಸು ಮಾಡಿ, ಕರಡು ಮಸೂದೆಯನ್ನೂ ಜೋಡಿಸಿತು. ವಶದಲ್ಲಿದ್ದವನಿಗೆ ಗಾಯವಾಗಿದ್ದರೆ ಅದನ್ನು ಪೊಲೀಸರೇ ಮಾಡಿದ್ದೆಂದು ಭಾವಿಸಬೇಕು, ಅಲ್ಲವೆಂದು ತೋರಿಸುವ ಹೊಣೆ ಅವರದ್ದು ಎಂಬುದು ಅದರ ತಿರುಳು. ಆ ವರದಿಯಲ್ಲಿ ಇನ್ನೊಂದು ಕಾರಣವನ್ನೂ ಹೇಳಲಾಗಿದೆ: ಇಂಥ ಕಾನೂನು ಇಲ್ಲದಿರುವುದರಿಂದ ವಿದೇಶಗಳಿಂದ ಅಪರಾಧಿಗಳನ್ನು ಕರೆತರಲು ತೊಡಕಾಗುತ್ತಿದೆ. 2019ರಲ್ಲಿ ಈ ಕುರಿತ ಅರ್ಜಿ ಬಂದಾಗ, ಕಾನೂನು ಮಾಡಿರೆಂದು ಸಂಸತ್ತಿಗೆ ಹೇಳುವುದು ತನ್ನ ಕೆಲಸವಲ್ಲ ಎಂದಿತು ಸುಪ್ರೀಂ ಕೋರ್ಟ್. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲೂ ಚಿತ್ರಹಿಂಸೆ ಎಂಬ ಹೆಸರಿನ ಅಪರಾಧವಿಲ್ಲ. ತಪ್ಪೊಪ್ಪಿಗೆಗಾಗಿ ಗಾಯಗೊಳಿಸುವುದರ ಕುರಿತ ಹಳೆಯ ಕಲಮು ಹೊಸ ಸಂಖ್ಯೆ ಪಡೆದಿದೆ, ಅಷ್ಟೇ.

ದೇಶದ ಪ್ರಜೆಗಳಿಗೆ ಕಾನೂನಿನ ಮೂಲಕ ಕೊಡದ ಭರವಸೆಯನ್ನು ಸರ್ಕಾರ ಒಬ್ಬೊಬ್ಬ ಆರೋಪಿಯ ಹೆಸರಿನಲ್ಲಿ ಬಿಡಿ ಪತ್ರಗಳಾಗಿ ಹೊರದೇಶಕ್ಕೆ ಕೊಡುತ್ತಿದೆ. ಪ್ರತಿ ಹಸ್ತಾಂತರಕ್ಕೂ ಹೊಸ ಪತ್ರ, ಹೊಸ ವಿಡಿಯೊ, ಹೊಸ ಅಳತೆ. ಕಾನೂನೊಂದಿದ್ದಿದ್ದರೆ ಈ ಕೆಲಸದ ಬಹುಭಾಗ ತಪ್ಪುತ್ತಿತ್ತು.

ಪಕ್ಕದ ಬ್ಯಾರಕ್ಕು

12ನೆಯ ಬ್ಯಾರಕ್ಕಿನ ಹೊರಗೆ ಆರ್ಥರ್ ರೋಡ್ ಜೈಲು ಬೇರೆಯೇ ಜಗತ್ತು. 2020ರಲ್ಲಿ ಕೋವಿಡ್ ಹರಡಿದಾಗ, ಸುಮಾರು 800 ಜನರಿಗೆಂದು ಕಟ್ಟಿದ ಅದರಲ್ಲಿ ಮೂರು ಪಟ್ಟಿಗೂ ಹೆಚ್ಚು ಜನರಿದ್ದರು. ಆ ಲೆಕ್ಕದಲ್ಲಿ ಒಬ್ಬೊಬ್ಬರಿಗೆ ಮೂರು ಚದರ ಮೀಟರ್ ಸಿಗುವ ಮಾತು ದೂರವೇ ಉಳಿಯಿತು. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೊ ಪ್ರಕಾರ 2022ರ ಕೊನೆಯಲ್ಲಿ ದೇಶದ ಜೈಲುಗಳಲ್ಲಿ ಪ್ರತಿ 100 ಜಾಗಕ್ಕೆ 131 ಜನರಿದ್ದರು, ಅವರಲ್ಲಿ ನಾಲ್ಕನೆಯ ಮೂರು ಭಾಗ ವಿಚಾರಣಾಧೀನ ಕೈದಿಗಳು. ಅಂದರೆ ಅಪರಾಧ ಸಾಬೀತಾಗದವರು.

ಆದಿವಾಸಿಗಳ ಹಕ್ಕುಗಳಿಗಾಗಿ ದುಡಿದ ಪಾದ್ರಿ, ನವಿ ಮುಂಬೈಯ ತಳೋಜಾ ಜೈಲಿನಲ್ಲಿದ್ದ ಸ್ಟಾನ್ ಸ್ವಾಮಿ ಅಂಥವರಲ್ಲೊಬ್ಬರಾಗಿದ್ದರು. ಪುಣೆಯ ಎಲ್ಗಾರ್ ಪರಿಷತ್ ಪ್ರಕರಣದಲ್ಲಿ 2020ರ ಅಕ್ಟೋಬರ್‌ನಲ್ಲಿ ಬಂಧಿತರಾದ ಅವರಿಗೆ ಪಾರ್ಕಿನ್ಸನ್ ಕಾಯಿಲೆಯಿತ್ತು, ಕೈ ನಡುಗಿ ಲೋಟ ಹಿಡಿಯಲಾಗುತ್ತಿರಲಿಲ್ಲ. ನೀರು ಕುಡಿಯಲು ಸ್ಟ್ರಾ ಮತ್ತು ಸಿಪ್ಪರ್ ಬೇಕೆಂದು ನವೆಂಬರ್‌ನಲ್ಲಿ ಅವರು ಮುಂಬೈಯ ವಿಶೇಷ ನ್ಯಾಯಾಲಯಕ್ಕೆ ಅರ್ಜಿ ಹಾಕಿದರು. ಉತ್ತರಿಸಲು ತನಿಖಾ ಸಂಸ್ಥೆ 20 ದಿನ ಕಾಲಾವಕಾಶ ಕೇಳಿತು, ಬಳಿಕ ಆ ವಸ್ತುಗಳನ್ನು ತಾನು ವಶಪಡಿಸಿಕೊಂಡಿರಲೇ ಇಲ್ಲ ಎಂದಿತು. ಜೈಲಿನವರು ಸಿಪ್ಪರ್ ಒದಗಿಸಿದ್ದಾಗಿ ಹೇಳಿದರು. 2021ರ ಜುಲೈ 5ರಂದು, ಜಾಮೀನು ಅರ್ಜಿ ಹೈಕೋರ್ಟಿನ ಮುಂದಿರುವಾಗಲೇ, 84ನೆಯ ವಯಸ್ಸಿನಲ್ಲಿ ಅವರು ಮುಂಬೈಯ ಆಸ್ಪತ್ರೆಯಲ್ಲಿ ತೀರಿಕೊಂಡರು. ವಿಶ್ವಸಂಸ್ಥೆಯ ಕಚೇರಿ ಆಕ್ಷೇಪಿಸಿತು. ಕಾನೂನಿನ ಪ್ರಕ್ರಿಯೆಯಂತೆಯೇ ಎಲ್ಲವೂ ನಡೆದಿದೆ ಎಂದು ವಿದೇಶಾಂಗ ಸಚಿವಾಲಯ ಮರುದಿನ ಉತ್ತರಿಸಿತು.

ಪ್ರತಿ ದೇಶದ ಮಾನವ ಹಕ್ಕು ಸ್ಥಿತಿಯನ್ನು ವಿಶ್ವಸಂಸ್ಥೆಯ ಮಂಡಳಿಯಲ್ಲಿ ಸರದಿಯಂತೆ ಪರಿಶೀಲಿಸುವ ಸಾರ್ವತ್ರಿಕ ಪರಾಮರ್ಶೆಯಲ್ಲಿ 2022ರಲ್ಲಿ ಇತರ ರಾಷ್ಟ್ರಗಳು ಭಾರತಕ್ಕೆ 339 ಸಲಹೆಗಳನ್ನು ಕೊಟ್ಟಿದ್ದವು, 221ನ್ನು ಭಾರತ ಒಪ್ಪಿತು. 2026ರಿಂದ ಮೂರು ವರ್ಷ ಮಂಡಳಿಯ ಸದಸ್ಯನಾಗಿ ಕೂರುವ ಭಾರತ, ಮುಂದಿನ ಪರಾಮರ್ಶೆಗೆ ಚಿತ್ರಹಿಂಸೆ ಒಡಂಬಡಿಕೆಯ ಬಗ್ಗೆ ಯಾವ ಉತ್ತರ ಕೊಡುತ್ತದೆ, ಆಯೋಗದ ತನಿಖಾ ವಿಭಾಗದಿಂದ ಪೊಲೀಸರನ್ನು ಬಿಡಿಸಲು ಕಾಯ್ದೆ ತಿದ್ದುತ್ತದೆಯೇ ಎಂಬುದನ್ನು ನೋಡಬೇಕಾಗಿದೆ. ಸದ್ಯಕ್ಕೆ ಕಡತದಲ್ಲಿರುವುದು ಬೆಲ್ಜಿಯಂಗೆ ಬರೆದ ಪತ್ರ. ಅದನ್ನು ಮೀರಿದರೆ ಕೇಳಲು ಒಂದು ವಿದೇಶಿ ಸರ್ಕಾರವಿದೆ, ಅದರ ನ್ಯಾಯಾಲಯಗಳಿವೆ. ಅದೇ ಗೋಡೆಯೊಳಗೆ ಪಕ್ಕದ ಬ್ಯಾರಕ್ಕಿನಲ್ಲಿ, ಜಾಮೀನಿಗೆ ಹಣ ಹೊಂದಿಸಲಾಗದೆ ಕುಳಿತಿರುವ ವಿಚಾರಣಾಧೀನ ಕೈದಿಯ ಹೆಸರಿನಲ್ಲಿ ಅಂಥ ಪತ್ರವಿಲ್ಲ.